ಲಿಸ್ಬನ್ನಿನ ಮಾರೆಮ್ಮ

18 ಆಗಸ್ಟ್ 2024

ನಾಲಗೆಯ ಎಡ ಅಂಚಿನ ಹುಣ್ಣು ಇನ್ನೂ ಮಾಯ್ದಿಲ್ಲ. ಆಷಾಢದಲ್ಲಿ ಎದ್ದದ್ದು, ಶ್ರಾವಣದ ಎರಡು ಸೋಮವಾರ ಕಳೆದರೂ ಹಾಗೆಯೇ ಇದೆ. ಖಾರ ಬಿಟ್ಟಿದ್ದೇನೆ, ಎಲೆ-ಅಡಿಕೆ ತಂಬಾಕನ್ನೂ ಬಿಟ್ಟಿದ್ದೇನೆ ಎಂದು ಹೆಂಡತಿ ಶೈಲಾಗೆ ಹೇಳಿದ್ದೇನೆ. ಎರಡನೆಯ ಮಾತು ಸುಳ್ಳು.

ಇವತ್ತು ಕುಕನೂರು ಕಡೆಯ ಹುಚ್ಚೀರಪ್ಪ ಎಂಬವರು ಬಚ್ಚಲಿಗೆ ಟೈಲ್ಸ್ ನೋಡಲು ಅಂಗಡಿಗೆ ಬಂದರು. ಹೂಬಳ್ಳಿಯ ನಮೂನೆಯೊಂದನ್ನು ಕೈಗೆತ್ತಿಕೊಂಡರು. ಹೂಬಳ್ಳಿಯದನ್ನು ಯಾರಾದರೂ ಕೈಗೆತ್ತಿಕೊಂಡರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ಟೈಲ್ಸನ್ನು ಬಚ್ಚಲಿಗಲ್ಲ, ಮನೆಯ ಹೊರಗೋಡೆಗೆ, ಬೀದಿಗೆ ಮುಖ ಮಾಡಿ ಹಚ್ಚುತ್ತಾರೆ ಎಂದು ಶುರು ಮಾಡಿದೆ.

“ಅಂದ್ರ ಮಂದಿ ಬೀದ್ಯಾಗ ಜಳಕಾ ಮಾಡ್ತಾರೇನ್ರಿ?” ಎಂದು ಕೇಳಿದರು.

ಅಲ್ಲವೆಂದು ತಿಳಿಸಲು ಊರನ್ನೆಲ್ಲ ಹೇಳಬೇಕಾಯಿತು. ಗುಡ್ಡದ ಮೇಲೆ ಅರಬರ ಕಾಲದ ಕೋಟೆ. ಹೊಳೆಯ ದಂಡೆಗೆ, ಹಡಗಿನ ಹಗ್ಗಗಳನ್ನೇ ಕಲ್ಲಿನಲ್ಲಿ ಕೆತ್ತಿದ ಮಠ. 1755ರ ನವೆಂಬರ್ ಒಂದನೇ ತಾರೀಖಿನ ಭೂಕಂಪದಲ್ಲಿ ಛಾವಣಿ ಕಳೆದುಕೊಂಡು ಇವತ್ತಿಗೂ ಹಾಗೆಯೇ ನಿಂತಿರುವ ಇಗರ್ಜಿ, ಅದರ ಮಗ್ಗುಲಲ್ಲೇ ಕಬ್ಬಿಣದ ಲಿಫ್ಟು. ಓಣಿಯ ಗೋಡೆಗೆ ಮೈ ಉಜ್ಜಿಕೊಂಡು ಏರುವ ಹಳದಿ ಟ್ರಾಮು. ಒಂದು ಓಣಿಯಲ್ಲಿ ಆಫ್ರಿಕದವರ ಅಡುಗೆ, ಇನ್ನೊಂದರಲ್ಲಿ ನಮ್ಮ ಗುಜರಾತಿಗಳ ಕಿರಾಣಿ. ಯಾವುದಕ್ಕೂ ಯಾವುದೂ ಹೊಂದುವುದಿಲ್ಲ. ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಉಳಿದ ಟೈಲ್ಸ್ ಕೂಡಿಸಿ ಹಾಸಿದ ಹಾಗೆ. ಆದರೂ ಹೊಂದುತ್ತದೆ. ಅದು ಹೇಗೆ ಎನ್ನುವುದನ್ನೇ ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಟೈಲ್ಸ್ ಕಂಪನಿಯವರು ಕೊಟ್ಟ ಒಂದು ಕ್ಯಾಲೆಂಡರಿನ ಚಿತ್ರದಿಂದ ಹತ್ತಿದ ಹುಚ್ಚು. ಮಕ್ಕಳಿಲ್ಲದ ಮನೆಯಲ್ಲಿ ಮಾತಿಗೆ ಏನಾದರೂ ಬೇಕಲ್ಲ.

ಹುಚ್ಚೀರಪ್ಪನವರು “ಬಸ್ಸಿನ ಹೊತ್ತಾತ್ರಿ” ಎಂದು ಎದ್ದು ಹೋದರು.

ಅಂಗಡಿಯ ಬೆನ್ನಿಗೇ ನಮ್ಮ ಮನೆ, ನಡುವೆ ಒಂದು ಗೋಡೆ. ಶೈಲಾ ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟುಗೈಯಲ್ಲೇ ಬಂದಳು.

“ಅವ್ರು ಬಚ್ಚಲಕ್ಕ ಬಂದ್ರ ನೀವು ಭೂಕಂಪ ತೋರ್ಸಿದ್ರಿ. ಹಿಂಗಾದ್ರ ಕುಷ್ಟಗ್ಯಾಗ ಯಾರು ಬರ್ತಾರ ನಮ್ಮ ಅಂಗಡಿಗೆ?”

ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಆ ಊರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದವಳಲ್ಲ. ಹೆಸರನ್ನೂ ನೆಟ್ಟಗೆ ಹೇಳುವುದಿಲ್ಲ. ‘ಲಿಸ್ಬಾನ’ ಅನ್ನುತ್ತಾಳೆ, ಯಾವುದೋ ಹಣ್ಣಿನ ಹೆಸರೆಂಬಂತೆ. ಅರವತ್ತೆರಡನೇ ವಯಸ್ಸಿಗೆ ಪಾಸ್‌ಪೋರ್ಟ್ ಮಾಡಿಸಿದ್ದೇನೆ. ಬರುವ ಮೇ ತಿಂಗಳ ಕೊನೆಗೆ ಅಲ್ಲಿ ಜಕರಂದಾ ಮರಗಳು ಹೂ ಬಿಡುವ ಹೊತ್ತಿಗೆ ಒಬ್ಬನೇ ಹೋಗಿ ಬರುತ್ತೇನೆ. ಅವಳಿಗೆ ಅಲ್ಲೇನು ಕೆಲಸ.

29 ಆಗಸ್ಟ್

ಕೊಪ್ಪಳದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟಾರ್ಚ್ ಹಿಡಿದು ನೋಡಿದರು, ಕೈಗವಸು ಹಾಕಿ ಹುಣ್ಣಿನ ಅಂಚು ಒತ್ತಿದರು, ಆಮೇಲೆ ಕುತ್ತಿಗೆ ಮುಟ್ಟಿ ನೋಡಿದರು. ಕುತ್ತಿಗೆಗೇನಾಗಿದೆ ಎಂದು ಕೇಳಿದೆ. ಹುಣ್ಣಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದಾರೆ.

ಜೊತೆಗೆ ಪಂಪಾಪತಿ ಬಂದಿದ್ದ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ದಿನಾ ಸಂಜೆ ಅಂಗಡಿಗೆ ಬಂದು ಟೈಲ್ಸ್ ಪೆಟ್ಟಿಗೆಗಳ ಮೇಲೆ ಕೂತು ನನ್ನ ಲಿಸ್ಬನ್ ಕೇಳುವವನು ಅವನೊಬ್ಬನೇ. ಬರುವಾಗ ಬಸ್ಸಿನಲ್ಲಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ, ಪಗಾರ ಎನ್ನುವ ಮಾತು ನಮಗೆ ಪೋರ್ಚುಗೀಜರಿಂದ ಬಂದದ್ದು, ಬಟಾಟೆಯೂ ಅವರದೇ ಎಂದು ಹೇಳಿದೆ.

“ಹಂಗಾರ ನಾ ಮೂವತ್ತು ವರ್ಷ ತಗೊಂಡಿದ್ದು ಲಿಸ್ಬನ್ ಪಗಾರ ಆತಲ್ಲಣ್ಣಾ” ಎಂದು ನಕ್ಕ. ನನಗೂ ನಗು ಬಂತು. ಹತ್ತಿ ರಕ್ತವಾಯಿತು.

6 ಸೆಪ್ಟೆಂಬರ್

ಕ್ಯಾನ್ಸರ್.

ಬೀದಿಯಲ್ಲಿ ಗಣಪತಿ ತರುವವರ ಹಲಗೆ ಸಪ್ಪಳ. ಶೈಲಾ ನಾಳೆಯ ಕಡುಬಿಗೆಂದು ತೆಗೆದ ಹಿಟ್ಟನ್ನು ಹಾಗೆಯೇ ಮುಚ್ಚಿಟ್ಟಳು.

12 ಸೆಪ್ಟೆಂಬರ್

ಹುಬ್ಬಳ್ಳಿಗೆ ಹೋಗಿ ಬಂದೆವು. ನಾಲಗೆಯ ಮುಕ್ಕಾಲು ಪಾಲು ತೆಗೆಯಬೇಕಂತೆ. ತೊಡೆಯ ಮಾಂಸ ತಂದು ಆ ಜಾಗ ತುಂಬುತ್ತಾರಂತೆ. ಒಡೆದ ಟೈಲ್ಸ್ ಕಿತ್ತು ಬೇರೆ ಕೂಡಿಸುವುದನ್ನು ಹೇಳುವ ದನಿಯಲ್ಲೇ ಡಾಕ್ಟರು ಹೇಳಿದರು. ಅದೇ ದನಿಯಲ್ಲಿ ನಾನು ಗಿರಾಕಿಗಳಿಗೆ ಎಷ್ಟು ಸಲ ಹೇಳಿಲ್ಲ.

“ಮಾತು ಬರತೈತೇನ್ರಿ?” ಎಂದು ಶೈಲಾ ಕೇಳಿದಳು.

“ಜೀವಾ ಉಳಿಸೂದು ಮೊದ್ಲರೀ ಅಮ್ಮಾರ. ಆಮ್ಯಾಲ ರೂಢಿ ಮಾಡಿಸ್ತೀವಿ. ಮನಿಯವ್ರಿಗೆ ತಿಳಿಯೂವಷ್ಟು ಬಂದ್ರೂ ಬರಬಹುದು.”

“ಲಿಸ್ಬನ್ ಅನ್ನಾಕ ಬರತೈತೇನ್ರಿ?” ಎಂದೆ ನಾನು.

“ಯಾರ್ರೀ ಅವ್ರು?”

ಬಸ್ಸಿನಲ್ಲಿ ಕೂತು ಬಾಯೊಳಗೇ ಹೇಳಿ ನೋಡಿದೆ. ಲಿ ಅನ್ನಲು ನಾಲಗೆಯ ತುದಿ ಬೇಕು. ಸ ಅನ್ನಲು ಬೇಕು, ನ ಅನ್ನಲೂ ಬೇಕು. ಬ ಒಂದಕ್ಕೆ ತುಟಿ ಸಾಕು.

15 ಸೆಪ್ಟೆಂಬರ್

ನಮ್ಮಲ್ಲಿ ಟೈಲ್ಸ್ ಕೂಡಿಸುವ ಮೇಸ್ತ್ರಿ ಹೇಮಪ್ಪ, “ಸಾವ್ಕಾರ್ರ, ಫೋನಿನ್ಯಾಗ ತುಂಬಿಸಿ ಇಡ್ರಿ. ಊರೆಲ್ಲಾ ಹೇಳಿಬಿಡ್ರಿ ಒಮ್ಮೆ” ಎಂದ. ಒಳ್ಳೆಯ ಮಾತೆನಿಸಿತು. ಪಂಪಾಪತಿ ಎದುರು ಕೂತ, ಹೇಮಪ್ಪ ಫೋನ್ ಹಿಡಿದ. ಕೋಟೆಯಿಂದ ಶುರು ಮಾಡಿ ಇಳಿಜಾರಿನ ಹಳೇ ಓಣಿಗಳಿಗೆ ಬರುವ ಹೊತ್ತಿಗೆ ಎಂಜಲು ಸುರಿಯತೊಡಗಿತು. ನಿಲ್ಲಿಸಿ, ಅಷ್ಟನ್ನು ಹಾಕಿ ಕೇಳಿಸಿಕೊಂಡೆ. ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡು ಮಾತಾಡುವವನ ದನಿ. ಇಷ್ಟು ದಿನ ಎಲ್ಲರೂ ಇದನ್ನೇ ಕೇಳುತ್ತಿದ್ದರೇ? ಯಾರೂ ಹೇಳಲಿಲ್ಲವಲ್ಲ.

ಅಳಿಸಿಬಿಟ್ಟೆ. ಪಂಪಾಪತಿ ನೆಲ ನೋಡುತ್ತ ಕೂತಿದ್ದ.

19 ಸೆಪ್ಟೆಂಬರ್

ನಾಳೆ ಆಸ್ಪತ್ರೆಗೆ. ಶೈಲಾ ಚೀಲ ತುಂಬುತ್ತಿದ್ದಳು. ಕೂರು ಎಂದೆ. ಬಾಯಿ ಇರುವಾಗಲೇ ಒಮ್ಮೆ ಅವಳಿಗೆ ಮೊದಲಿಂದ ಕೊನೆಯವರೆಗೆ ಹೇಳಬೇಕೆಂದು ಆಸೆಯಾಗಿತ್ತು. ಕೂತಳು. ಪಂಚೆ ಮಡಚುತ್ತಲೇ ಕೇಳಿದಳು. ಭೂಕಂಪವಾಗಿ, ಬೆಂಕಿ ಬಿದ್ದು, ಹೊಸ ಬೀದಿಗಳನ್ನು ದಾರ ಹಿಡಿದಂತೆ ಕಟ್ಟಿದ್ದಕ್ಕೆ ಬಂದಾಗ ನಡುವೆ ಬಾಯಿ ಹಾಕಿದಳು.

“ಒಂದ್ ಕೇಳ್ಲ್ಯಾ? ಇಷ್ಟ್ ವರ್ಷ ಗ್ವಾಡಿ ಹೇಳಿದ್ರಿ, ಗಾಡಿ ಹೇಳಿದ್ರಿ, ಗುಡಿ ಹೇಳಿದ್ರಿ. ಆ ಊರಾಗ ಮಂದಿ ಇಲ್ಲೇನು?”

“ಐದೂವರಿ ಲಕ್ಷ ಅದಾರ.”

“ಒಬ್ಬರದರ ಹೆಸ್ರು ಹೇಳ್ರಿ.”

ಭೂಕಂಪವಾದ ಮೇಲೆ ಊರು ಕಟ್ಟಿಸಿದ ಮಂತ್ರಿಯ ಹೆಸರು ಹೇಳಿದೆ.

“ಸತ್ತಾವ್ರದಲ್ರೀ. ಇದ್ದಾವ್ರದು.”

ಮೊದಲ ಸಲ ಕೇಳಿದ ಪ್ರಶ್ನೆ, ಅದೂ ಇಂಥದ್ದು. ಸಿಟ್ಟು ಬಂತು. ಮಾತು ಅಲ್ಲಿಗೇ ನಿಲ್ಲಿಸಿದೆ. ಮಲಗುವ ಮುಂಚೆ ‘ಚೀಲದಾಗ ಚಾಳೀಸು ಹಾಕೀಯಿಲ್ಲೋ’ ಎಂದು ಕನ್ನಡಕ ಕೇಳಿದೆ; ನನ್ನ ಸ್ವಂತ ನಾಲಗೆಯ ಕೊನೆಯ ಪೂರಾ ಮಾತು ಅದೇ ಆಗುತ್ತದೇನೋ.

4 ಅಕ್ಟೋಬರ್

ಬರೆಯಲು ಬರುತ್ತಿದೆ. ಅಷ್ಟೇ.

7 ಅಕ್ಟೋಬರ್

ಮೂಗಿನಲ್ಲಿ ನಳಿಕೆ, ಗಂಟಲಲ್ಲಿ ತೂತು. ಬಾಯೊಳಗೆ ಯಾರದೋ ವಸ್ತು ಇಟ್ಟಂತಿದೆ. ಅದು ನನ್ನ ತೊಡೆ.

9 ಅಕ್ಟೋಬರ್

ನರ್ಸ್ ಕನ್ನಡಿ ಕೊಡಲಿಲ್ಲ. ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ. ಬೇಡವಾಗಿತ್ತು.

21 ಅಕ್ಟೋಬರ್

ಕುಷ್ಟಗಿಗೆ ಬಂದೆವು. ಗಂಟಲಿನ ತೂತು ಮುಚ್ಚಿದ್ದಾರೆ. ಬಾಯಿ ತೆರೆದರೆ ಬರುವುದು ದನದ ಕೂಗು. ಮಕ್ಕಳ ಪಾಟಿಯೊಂದನ್ನು ಹೇಮಪ್ಪ ತಂದುಕೊಟ್ಟಿದ್ದಾನೆ, ಬಳಪ ಸಮೇತ.

ನೋಡಲು ಬಂದವರೆಲ್ಲ ಕೂಗಿ ಮಾತಾಡುತ್ತಾರೆ. ಹೋದದ್ದು ನಾಲಗೆ, ಕಿವಿಯಲ್ಲ. ಒಬ್ಬರು ಪಾಟಿಯನ್ನು ಇಸಿದುಕೊಂಡು ತಾವೇ ಬರೆದು ತೋರಿಸಿದರು, ‘ಧೈರ್ಯ ಇರಲಿ’ ಎಂದು. ಎಂಜಲು ಒರೆಸಲು ಶೈಲಾ ನನ್ನ ಹೆಗಲ ಮೇಲೊಂದು ಹಳೇ ಸೀರೆಯ ತುಂಡು ಹಾಕಿದ್ದಾಳೆ. ಅವರ ಕಣ್ಣೆಲ್ಲ ಆ ತುಂಡಿನ ಮೇಲೆಯೇ.

ಪಂಪಾಪತಿ ಬಂದಿಲ್ಲ. ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ದಿನಾ ಕೂತಿರುತ್ತಾನೆ ಎಂದು ಹೇಮಪ್ಪ ಹೇಳಿದ. ನಮ್ಮ ಅಂಗಡಿಯಿಂದ ಅಲ್ಲಿಗೆ ಎಷ್ಟು ದೂರ.

5 ನವೆಂಬರ್

ಅಂಗಡಿಯಲ್ಲಿ ಈಗ ಶೈಲಾ ಕೂರುತ್ತಾಳೆ. ನಾನು ಒಳಗೆ ಹಾಸಿಗೆಯಲ್ಲಿ, ಗೋಡೆಯ ಈ ಕಡೆ. ಬೆಳಗ್ಗೆ ಯಾರೋ ಹೆಂಗಸರು ಬಂದಿದ್ದರು. ಶೈಲಾ ಹೇಳುತ್ತಿದ್ದದ್ದು ಕೇಳಿಸಿತು.

“ಇದನ್ನ ಲಿಸ್ಬಾನದಾಗ ಮನಿ ಹೊರಗ ಹಚ್ತಾರ್ರಿ. ಭಾಳ ಛಲೋ ಊರು. ಒಂದ್ಸಲ ದೀಪಾವಳಿ ದಿನ ಮಂದೆಲ್ಲಾ ಗುಡ್ಯಾಗ ದೀಪ ಹಚ್ಚ್ಯಾರ, ಆವಾಗ್ಲೇ ಭೂಮಿ ನಡಗೇತಿ. ದೀಪ ಉಳ್ಳಿ ಊರಿಗೇ ಬೆಂಕಿ. ಒಂದ್ ಗುಡಿ ಮಾಳಗಿ ಹಾರಿಹೋತು. ಇನ್ನಾ ಹಾಕಿಸಿಲ್ಲ ನೋಡ್ರಿ.”

“ಯಾಕ್ರಿ?”

“ಮಳಿ ಬಂದ್ರ ದೇವ್ರಿಗೂ ಗೊತ್ತಾಗ್ಲಿ ಅಂತ. ಆಮ್ಯಾಲ ಅಲ್ಲೊಂದು ಹಳದಿ ಗಾಡಿ ಐತ್ರಿ. ಗುಡ್ಡ ಏರೂವಾಗ ಮ್ಯಾಲಿನ ಮನ್ಯಾವ್ರು ಹಗ್ಗಾ ಹಾಕಿ ಜಗ್ತಾರ.”

ಗೋಡೆ ಗುದ್ದಿದೆ. ಓಡಿ ಬಂದಳು, ನಳಿಕೆ ಕಿತ್ತುಬಂತೆಂದು ಹೆದರಿ. ಪಾಟಿಯಲ್ಲಿ ಬರೆದೆ: ‘ದೀಪಾವಳಿ ಅಲ್ಲ. ಸಂತರ ಹಬ್ಬ. ನವೆಂಬರ್ 1. ಟ್ರಾಮಿಗೆ ಹಗ್ಗವಿಲ್ಲ, ಕರೆಂಟು.’ ಬಳಪ ಮುರಿಯಿತು.

ಓದಿದಳು. “ನಾನೇನ್ ಮಾಡ್ಲಿ? ನೀವು ಆ ಕಡೆ ಹೇಳೂವಾಗ ನಾ ಈ ಕಡೆ ರೊಟ್ಟಿ ಬಡೀತಿದ್ದೆ. ರೊಟ್ಟಿ ಸಪ್ಪಳದಾಗ ಎಷ್ಟ್ ಕೇಳ್ತೋ ಅಷ್ಟ ನನ್ನ ಊರು” ಎಂದು ಹೊರಟುಹೋದಳು.

ಇಪ್ಪತ್ತು ವರ್ಷ ಒಂದೊಂದು ಬೀದಿ, ಒಂದೊಂದು ಇಸವಿ ಸರಿ ಮಾಡಿಟ್ಟುಕೊಂಡ ಊರು. ಅದನ್ನು ಹೀಗೆ ಮಾರುವುದನ್ನು ಕೇಳಲು ಬದುಕಿ ಬಂದೆನೇ?

ಆ ಹೆಂಗಸರು ಆ ಟೈಲ್ಸನ್ನೇ ಒಯ್ದರಂತೆ.

25 ನವೆಂಬರ್

ಹುಬ್ಬಳ್ಳಿ. ಆಸ್ಪತ್ರೆಯ ಹಿಂದೆ ಒಂದು ಕೋಣೆ ಹಿಡಿದಿದ್ದೇವೆ. ವಾರಕ್ಕೆ ಐದು ದಿನ ರೇಡಿಯೇಷನ್. ಇಲ್ಲಿಯ ಮಂದಿ ಅದಕ್ಕೆ ‘ಕರೆಂಟ್ ಕೊಡಿಸೂದು’ ಅನ್ನುತ್ತಾರೆ. ಮುಖಕ್ಕೆ ಜಾಳಿಗೆಯ ಮುಖವಾಡ ಹಾಕಿ ಹಲಗೆಗೆ ಬಿಗಿಯುತ್ತಾರೆ. ಕಣ್ಣು ಮುಚ್ಚಿ ಲಿಸ್ಬನ್ನಿನ ಓಣಿಗಳಲ್ಲಿ ನಡೆಯೋಣವೆಂದುಕೊಂಡೆ. ಬರಲಿಲ್ಲ. ಒಂದು ಓಣಿಯೂ ಬರಲಿಲ್ಲ. ಆ ಊರು ನನ್ನ ತಲೆಯಲ್ಲಿದೆ ಎಂದುಕೊಂಡಿದ್ದೆ. ಬಾಯಲ್ಲಿತ್ತು.

9 ಡಿಸೆಂಬರ್

ಕುತ್ತಿಗೆಯ ಚರ್ಮ ಸುಲಿದಿದೆ. ಮಾತ್ರೆ ಪುಡಿ ಮಾಡಿ ನಳಿಕೆಯಲ್ಲಿ ಹಾಕಿದರೂ ಹೊಟ್ಟೆಯಿಂದ ಮೇಲಕ್ಕೆ ಉರಿಯುತ್ತದೆ.

ಸರದಿಗೆ ಕಾಯುವ ಪಡಸಾಲೆಯಲ್ಲಿ ಸಿದ್ದಾಪುರದ ಹುಲಗಮ್ಮ ಎಂಬಾಕೆ ಸಿಗುತ್ತಾಳೆ. ಭತ್ತದ ನಾಟಿಗೆ ಹೋಗುವ ಹೆಣ್ಣುಮಗಳು. ಗಂಡನಿಗೆ ಗಂಟಲಿನದು. ಶೈಲಾ ಅವಳಿಗೂ ಲಿಸ್ಬನ್ ಶುರು ಮಾಡಿದ್ದಾಳೆ.

“ಅಂಥಾ ಛಲೋ ಊರಾಗೂ ಈ ಜಡ್ಡು ಬರತೈತೇನವ್ವಾ?” ಎಂದು ಹುಲಗಮ್ಮ ಕೇಳಿದಳು.

“ಯಾಕ ಬರೂದಿಲ್ಲ? ಅಲ್ಲಿ ಮಾರೆಮ್ಮ ಅಂತ ಒಬ್ಬಾಕಿ ಅದಾಳ. ಗುಡ್ಡದ ಮ್ಯಾಲ ಮನಿ. ಆಕಿ ಗಂಡಗೂ ಹಿಂಗ ಆಗೇತಿ. ದಿನಾ ಆ ಹಳದಿ ಗಾಡ್ಯಾಗ ಕುಂದರಿಸ್ಕೊಂಡು ಕರೆಂಟ್ ಕೊಡಸಾಕ ಕರ್ಕೊಂಡ್ ಬರ್ತಾಳ.”

ಮರಿಯಾ ಎಂದು ಎಲ್ಲೋ ನನ್ನ ಬಾಯಲ್ಲಿ ಕೇಳಿರಬೇಕು. ಮಾರೆಮ್ಮ ಮಾಡಿದ್ದಾಳೆ. ಪಾಟಿ ಕೋಣೆಯಲ್ಲಿತ್ತು. ತಿದ್ದಲಿಲ್ಲ.

18 ಡಿಸೆಂಬರ್

ಮಾರೆಮ್ಮನ ಗಂಡ ತಂಬಾಕು ಬಿಟ್ಟಿದ್ದೇನೆಂದು ಸುಳ್ಳು ಹೇಳುತ್ತಿದ್ದನಂತೆ. ಅವನ ಅಂಗಿಯ ಕಿಸೆಯಲ್ಲಿ ತಂಬಾಕಿನ ಚೀಟಿ ಸಿಕ್ಕಿದರೂ ಅವಳು ಸುಮ್ಮನಿದ್ದಳಂತೆ. “ಆವತ್ತ ಜಗಳ ತಗೀಬೇಕಿತ್ತು ಅಂತ ಈಗ ಗಾಡ್ಯಾಗ ಕುಂತು ಅಳ್ತಾಳ” ಎಂದಳು ಶೈಲಾ. ಹುಲಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶೈಲಾಗೆ ಇದೆಲ್ಲ ಎಲ್ಲಿಂದ ಹೊಳೆಯುತ್ತದೋ. ಸುಳ್ಳಾದರೂ ಪಡಸಾಲೆಯಲ್ಲಿ ಹೊತ್ತು ಹೋಗುತ್ತದೆ. ಟ್ರಾಮಿಗೆ ಇನ್ನೂ ಹಗ್ಗ ಹಾಕಿಯೇ ಜಗ್ಗಿಸುತ್ತಾಳೆ.

23 ಡಿಸೆಂಬರ್

ಹುಲಗಮ್ಮ ಇವತ್ತು ಬರಲಿಲ್ಲ. ಗಂಡ ಹೋದನಂತೆ. ಶೈಲಾ ಅವಳು ಕೂರುತ್ತಿದ್ದ ಜಾಗದಲ್ಲಿ ನಮ್ಮ ಚೀಲ ಇಟ್ಟಳು.

14 ಜನವರಿ 2025

ಸಂಕ್ರಮಣ. ಊರಿಗೆ ಬಂದಾಗಿದೆ. ಓಣಿಯಲ್ಲೆಲ್ಲ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ. ನನ್ನ ಹಬ್ಬ ನಳಿಕೆಯಲ್ಲಿ ಬರುವ ಗಂಜಿ. ಮೂಗಿಗೆ ವಾಸನೆ, ಅದೇ ಮೂಗಿನಲ್ಲಿ ನಳಿಕೆ. ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಿ ಇನ್ನೆಷ್ಟು ದಿನ? ನಿನ್ನೆಯಿಂದ ಗಂಜಿ ಹಾಕಿಸಿಕೊಂಡಿಲ್ಲ. ಅವಳು ತಂದಾಗಲೆಲ್ಲ ನಳಿಕೆಯ ಬಾಯಿ ಮುಷ್ಟಿಯಲ್ಲಿ ಹಿಡಿದುಕೊಂಡೆ.

ಮೊದಲು ಬೇಡಿಕೊಂಡಳು. ಆಮೇಲೆ ಅತ್ತಳು. ಮಧ್ಯಾಹ್ನ ಗಂಜಿಯ ಲೋಟವನ್ನು ನೆಲಕ್ಕೆ ಕುಕ್ಕಿದಳು.

“ಸಾಯ್ರಿ. ನೀವು ಹೋದ್ರ ಆ ಊರು ಯಾರ ಬಾಯಾಗ ಉಳಿತೈತಿ? ನನ್ನ ಬಾಯಾಗ. ಎಲ್ಲಾ ತಪ್ಪು ತಪ್ಪು. ದೀಪಾವಳಿಗೆ ಭೂಕಂಪ, ಗಾಡಿಗೆ ಹಗ್ಗಾ. ಕುಷ್ಟಗಿ ಮಂದಿ ಅದನ್ನ ಖರೆ ಅಂತ ತಿಳ್ಕೊಂತಾರ. ತಿದ್ದಾಕ ಯಾರೂ ಇರೂದಿಲ್ಲ. ಬೇಕೇನದು?”

ಮುಷ್ಟಿ ಬಿಟ್ಟೆ. ಊರಿಗಾಗಿ ಬಿಟ್ಟೆನೋ ಬರೀ ಹಸಿವೆಯಾಗಿತ್ತೋ ತಿಳಿಯದು. ಅವಳು ಇನ್ನೊಂದು ಲೋಟ ಗಂಜಿ ತಂದು ಹಾಕಿದಳು.

2 ಫೆಬ್ರವರಿ

ನಳಿಕೆ ತೆಗೆದಿದ್ದಾರೆ. ತೆಳ್ಳಗಿನದನ್ನು ಬಾಯಲ್ಲೇ ನುಂಗಬಹುದು, ಅರ್ಧ ಒಳಗೆ ಅರ್ಧ ಹೆಗಲ ಮೇಲೆ. ರುಚಿಯಿಲ್ಲ. ಹಾಲೂ ಒಂದೇ, ನೀರೂ ಒಂದೇ.

ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದೇನೆ. ಗಿರಾಕಿಗಳು ನನ್ನನ್ನು ನೋಡದಂತೆ ನೋಡುತ್ತಾರೆ. ಚಿಕ್ಕ ಮಗುವೊಂದು ಹೆದರಿ ಅತ್ತಿತು. ಒಳಗೆ ಹೋಗಲು ಎದ್ದೆ. ಶೈಲಾ ಕೈ ಹಿಡಿದು ಕೂರಿಸಿ, ಆ ತಾಯಿಗೆ ಮಾರೆಮ್ಮ ಗುಡ್ಡದ ಕೆಳಗಿನ ನಲ್ಲಿಗೆ ನೀರಿಗೆ ಹೋಗಿ ಜಗಳ ಮಾಡಿದ್ದನ್ನು ಹೇಳತೊಡಗಿದಳು. ಮಗು ಅಳು ಮರೆತು ಕೇಳಿತು. ಅಲ್ಲಿ ಮನೆಮನೆಗೆ ನೀರು ಬರುತ್ತದೆ. ಬರಲಿ.

24 ಫೆಬ್ರವರಿ

ಫೋನಿನ ಮ್ಯಾಪಿನಲ್ಲಿ ಲಿಸ್ಬನ್ನಿನ ಬೀದಿಚಿತ್ರ ತೆರೆದೆ, ಎಷ್ಟೋ ತಿಂಗಳ ಮೇಲೆ. ಗ್ರಾಸಾ ಗುಡ್ಡದ ಓಣಿಗಳಲ್ಲಿ ಬೆರಳಾಡಿಸಿಕೊಂಡು ಹೋದೆ. ಹಿಂದೆ ನಿಂತು ನಿಂತು ನೋಡುತ್ತಿದ್ದ ಗೋಡೆಗಳು. ಈಗ ಅವುಗಳ ಮುಂದೆ ನಿಲ್ಲಬೇಕೆನಿಸಲಿಲ್ಲ. ಒಂದು ಉಪ್ಪರಿಗೆಯ ಮೇಲೆ ಒಗೆದ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳ ಮುಖವನ್ನು ಮ್ಯಾಪಿನವರು ಗುರುತು ಸಿಗದಂತೆ ಮಸುಕು ಮಾಡಿದ್ದಾರೆ. ತುಂಬ ಹೊತ್ತು ಅದನ್ನೇ ದೊಡ್ಡದು ಮಾಡಿ ನೋಡಿದೆ. ಒಂದು ಕೈ ಸೊಂಟದ ಮೇಲಿಟ್ಟು ನಿಂತಿದ್ದಳು. ಶೈಲಾಗೆ ತೋರಿಸಬೇಕೆಂದುಕೊಂಡೆ, ಗಿರಾಕಿ ಬಂದರು.

21 ಮಾರ್ಚ್

ಕಿವಿಯ ಕೆಳಗೆ, ಕೊಯ್ದ ಗೀಟಿನ ಪಕ್ಕ, ಕಡಲೆಕಾಳಿನಷ್ಟು ಗಂಟು. ಮೊನ್ನೆಯೇ ಕೈಗೆ ಸಿಕ್ಕಿತ್ತು. ಇವತ್ತು ತಲೆಗೆ ಎಣ್ಣೆ ಹಚ್ಚುವಾಗ ಶೈಲಾಳ ಬೆರಳು ಅಲ್ಲಿ ನಿಂತಿತು. ಮತ್ತೆ ಎಣ್ಣೆ ಹಚ್ಚಿದಳು.

3 ಏಪ್ರಿಲ್

ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರು ಶೈಲಾಳನ್ನಷ್ಟೇ ಒಳಗೆ ಕರೆದರು. ಹೊರಗೆ ಬಂದವಳು “ಊರಿಗ್ ಹೋಗೂಣ ನಡ್ರಿ” ಎಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಗದಗ ದಾಟಿತು. ಪಾಟಿಯಲ್ಲಿ ‘ಡಾಕ್ಟರ್ ಏನಂದರು?’ ಎಂದು ಬರೆದು ಅವಳ ತೊಡೆಯ ಮೇಲಿಟ್ಟೆ. ನೋಡಲಿಲ್ಲ. ಅಲ್ಲಿಂದ ಎಷ್ಟೋ ದೂರ ಬಂದ ಮೇಲೆ, ಹೊರಗಿನ ಹೊಲಗಳನ್ನು ನೋಡುತ್ತಲೇ ಹೇಳಿದಳು.

“ಮಾರೆಮ್ಮನ ಗಂಡಗ ತಿರುಗಿ ಗಂಟು ಬಂದೈತಂತ. ಪುಪ್ಪುಸದಾಗೂ ಇಳದೈತಂತ.”

ಬಸ್ಸು ಗುಂಡಿಗಳಲ್ಲಿ ಎತ್ತಿಹಾಕುತ್ತಿತ್ತು.

“ಮತ್ತ ಕೊಯ್ಯೂದು ಬ್ಯಾಡ ಅಂದಾರಂತ. ನೋವಿಗೆ ಔಷಧ ಕೊಡ್ತೀವಿ ಅಂದಾರಂತ. ಮಾರೆಮ್ಮ ಕೇಳ್ಯಾಳ, ಎಷ್ಟ್ ದಿನಾ ಅಂತ. ಅವ್ರು ಔಷಧದ ಚೀಟಿ ಬರದು ಕೈಗಿಟ್ರಂತ.”

ನನ್ನ ಹೆಗಲ ಮೇಲಿನ ಬಟ್ಟೆಯ ತುಂಡನ್ನೇ ಎಳೆದುಕೊಂಡು ಬಾಯಿಗೆ ಒತ್ತಿಕೊಂಡಳು. ಎಂಜಲಾಗಿದೆ ಎಂದು ಬಿಡಿಸಲು ಹೋದೆ, ಬಿಡಲಿಲ್ಲ. ಪಾಟಿ ಅಳಿಸಿ ಬರೆದೆ: ‘ಮಾರೆಮ್ಮ ಊಟ ಮಾಡಿದಳಾ?’

ಬೆಳಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ. ಕೊಪ್ಪಳದಲ್ಲಿ ಬಸ್ಸು ನಿಂತಾಗ ಇಳಿದು ಇಡ್ಲಿ ಕಟ್ಟಿಸಿಕೊಂಡು ಬಂದೆ. ಬೆರಳು ತೋರಿಸಿ ಕೇಳಿದ್ದಕ್ಕೆ ಹೋಟೆಲಿನವನು ಮೂಕನೆಂದುಕೊಂಡು ಚಟ್ನಿ ಜಾಸ್ತಿ ಹಾಕಿದ.

11 ಏಪ್ರಿಲ್

ನೋವು. ಔಷಧ ಕುಡಿದರೆ ಮಂಪರು. ಅದು ಇಳಿದರೆ ಮತ್ತೆ ನೋವು. ಮೇ ತಿಂಗಳು ಬರುತ್ತಿದೆ. ಪಾಸ್‌ಪೋರ್ಟು ಎಲ್ಲಿಟ್ಟೆನೋ, ಹುಡುಕಲಿಲ್ಲ.

19 ಏಪ್ರಿಲ್

ಸುಸ್ತು. ಶೈಲಾ ಅಂಗಡಿಯ ಬಾಗಿಲು ಮುಚ್ಚಿ ಪಕ್ಕದಲ್ಲೇ ಕೂತಿದ್ದಳು. ಏನಾದರೂ ಹೇಳು ಎಂದು ಸನ್ನೆ ಮಾಡಿದೆ. ಲಿಸ್ಬಾನದಲ್ಲಿ ಈಗ ಬಿಸಿಲಂತೆ. ಹೊಳೆಯ ಗಾಳಿ ಸಂಜೆಗೆ ಮೇಲೆ ಬರುತ್ತದಂತೆ. ಮಾರೆಮ್ಮ ಗಂಡನನ್ನು ಹೊಸ್ತಿಲಲ್ಲಿ ಕೂರಿಸಿ ಬಿಸಿನೀರಲ್ಲಿ ಕಾಲು ತೊಳೆಯುತ್ತಾಳಂತೆ. ನಿದ್ದೆ ಬಂತು.

26 ಏಪ್ರಿಲ್

ಸಂಜೆ ಪಂಪಾಪತಿ ಬಂದ. ಶೈಲಾ ತಾನೇ ಚಹಾ ಅಂಗಡಿಗೆ ಹೋಗಿ, ನಾಲ್ಕು ಮಂದಿಯ ನಡುವೆ ನಿಂತು, “ಈಗ ಬರ್ಲಿಲ್ಲಂದ್ರ ಮುಂದ ಬಂದ್ರೂ ಬಾಗ್ಲಾ ತಗಿಯೂದಿಲ್ಲ” ಎಂದು ಹೇಳಿ ಬಂದಿದ್ದಳಂತೆ. ಒಳಗೆ ಬಂದವನು ನನ್ನ ಕಾಲ ಹತ್ತಿರ ನೆಲದ ಮೇಲೆ ಕೂತ. ಕುರ್ಚಿ ತೋರಿಸಿದೆ, ಏರಲಿಲ್ಲ.

“ಅಣ್ಣಾ, ನಿನ್ನ ದನಿ ಇಲ್ಲದ ನಾ ಇಲ್ಲಿ ಹೆಂಗ ಕುಂದರ್ಲಿ ಅಂತ ಬರ್ಲಿಲ್ಲ” ಎಂದ. ಟವೆಲಿನಿಂದ ಮುಖ ಒರೆಸಿಕೊಂಡ. ಶೈಲಾ ಚಹಾ ತಂದು ಅವನ ಕೈಗೆ ಕೊಟ್ಟು, ಇನ್ನೇನು ಮಾಡುವುದೆಂದು ತಿಳಿಯದೆ, ಮಾರೆಮ್ಮನದನ್ನೇ ಶುರು ಮಾಡಿದಳು. ಮಾರೆಮ್ಮ ತನ್ನ ಗಂಡನ ಗೆಳೆಯನನ್ನು ಗಾಡಿಯ ನಿಲ್ದಾಣದಿಂದ ಎಳೆದು ತಂದದ್ದು.

ಪಂಪಾಪತಿ ಕೇಳುತ್ತ ಕೇಳುತ್ತ ಹುಬ್ಬು ಗಂಟಿಕ್ಕಿದ.

“ಅಲ್ರೀ ಅಕ್ಕಾರ, ಅಣ್ಣಾ ಆ ಊರು ನನಗ ಎಷ್ಟ್ ಸಲ ಹೇಳ್ಯಾನ. ಎಲ್ಲಾ ನನಗ ಬಾಯಿಪಾಠ ಐತಿ. ಮಾರೆಮ್ಮ ಅನ್ನಾಕಿ ಹೆಸ್ರು ಒಂದಿನಾನೂ ತಗದಿಲ್ಲ. ಯಾರಾಕಿ?”

ಶೈಲಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಇಷ್ಟು ತಿಂಗಳು ಎಷ್ಟು ಮಂದಿಗೆ ಹೇಳಿದ್ದಳು, ಯಾರೂ ಹೀಗೆ ಕೇಳಿರಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ.

“ಖರೇ ಹೇಳಣ್ಣಾ” ಎಂದ ಪಂಪಾಪತಿ ನನಗೆ. “ಅದಾಳೇನು ಅಂಥಾಕಿ ಅಲ್ಲಿ?”

ತಲೆಯಾಡಿಸಿದೆ, ಅದಾಳೆಂದು. ಕುತ್ತಿಗೆ ಆಡಿಸಿದರೆ ಜೀವ ಹೋದಂತಾಗುತ್ತದೆ. ಅವನು ನಂಬಿದಂತೆ ಕಾಣಲಿಲ್ಲ, ಇನ್ನೊಮ್ಮೆ ಆಡಿಸಿದೆ.

“ಹಂಗಾರ ನನಗ್ಯಾಕ ಹೇಳಿಲ್ಲ?”

ಪಾಟಿ ತೆಗೆದುಕೊಂಡೆ. ಅಕ್ಷರ ದೊಡ್ಡದಾಗಿ ಬಂತು. ‘ಗ್ರಾಸಾ ಗುಡ್ಡ. ತಿರುವಿನಲ್ಲಿ ಮೂರನೇ ಮನೆ. ಕೆಂಪು ಬಾಗಿಲು.’ ಪಂಪಾಪತಿ ಜೋರಾಗಿ ಓದಿದ.

ಶೈಲಾ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಕೆಂಪಲ್ರಿ” ಎಂದಳು. “ಹಸ್ರು.”

ಅಳಿಸಿ, ಹಸಿರು ಎಂದು ಬರೆದೆ.